ರಜಾಮೀಮಾಂಸೆ

ಇನ್ನು ರಜೆಯ ವಿಚಾರ. ಈ ಶಾಸ್ತ್ರಕ್ಕೆ ಅಧಿಕಾರಿ, ಪಿಎಚ್.ಡಿ. ಮಾಡುತ್ತಿರುವ ಸಂಶೋಧನಾರ್ಥಿ. ವಿಷಯ, ಯುಜಿಸಿಯ ಜೆಆರ್‌ಎಫ್ ನಿಯಮ. ಪ್ರಯೋಜನ, ಊರಿಗೆ ಹೋಗಿಬರುವುದು. ಸಂಬಂಧವೆಂಬ ನಾಲ್ಕನೆಯದು ಗೈಡಿಗೂ ಶಿಷ್ಯನಿಗೂ ಸದ್ಯ ಹೇಗಿದೆ ಎಂಬುದರ ಮೇಲೆ ನಿಂತಿದೆ.

ಮೂಲಸೂತ್ರ ಇಷ್ಟು: ಸಾರ್ವತ್ರಿಕ ರಜಾದಿನಗಳಲ್ಲದೆ ವರ್ಷಕ್ಕೆ ಹೆಚ್ಚೆಂದರೆ 30 ದಿನ ರಜೆ, ಅದೂ ಸಂಸ್ಥೆಯ ಒಪ್ಪಿಗೆಯ ಮೇಲೆ. ಬೇಸಿಗೆ, ಚಳಿಗಾಲ, ಪೂಜೆ ಮುಂತಾದ ದೀರ್ಘ ರಜೆಗಳು ಸಲ್ಲವು.

ಇಲ್ಲಿ ಪೂರ್ವಪಕ್ಷ: ಸಂಶೋಧನಾರ್ಥಿ ಶುಲ್ಕ ಕಟ್ಟುತ್ತಾನೆ, ಹಾಸ್ಟೆಲಿನ ಸಾರು ಉಣ್ಣುತ್ತಾನೆ. ಆದ್ದರಿಂದ ವಿದ್ಯಾರ್ಥಿ, ಬೇಸಿಗೆ ರಜೆ ಕೊಡಿ. ಸಿದ್ಧಾಂತಿಯ ಉತ್ತರ: ತಿಂಗಳಿಗೆ 37,000 ರೂಪಾಯಿ ಎಣಿಸುವವನು ಎಂಥ ವಿದ್ಯಾರ್ಥಿ? ಹಾಗಾದರೆ ನೌಕರ, ಗಳಿಕೆ ರಜೆಯನ್ನಾದರೂ ಕೊಡಿ. ಅದೂ ಆಗದು, ಅದು ಸಂಬಳವಲ್ಲ, ಫೆಲೋಶಿಪ್. ಹಿರಣ್ಯಕಶಿಪು ತಪಸ್ಸು ಮಾಡಿ ಪಡೆದ ಅದೂ ಅಲ್ಲದ ಇದೂ ಅಲ್ಲದ ವರವನ್ನು ನಮ್ಮವನು ನೆಟ್ ಪರೀಕ್ಷೆ ಬರೆದು ಪಡೆದಿದ್ದಾನೆ.

ದಸರೆಗೆ ಈ ನ್ಯಾಯವನ್ನು ಅನ್ವಯಿಸೋಣ. ಆಯುಧಪೂಜೆ, ವಿಜಯದಶಮಿ ಸಾರ್ವತ್ರಿಕ ರಜೆ, ತಕರಾರಿಲ್ಲ. ಮಿಕ್ಕ ದಿನಗಳಲ್ಲಿ ಅಧ್ಯಾಪಕರಿಗೆ ರಜೆ, ಸಂಶೋಧನಾರ್ಥಿಗೆ ಹಾಜರಿ. ಹಾಜರಿ ಪುಸ್ತಕ ಬೀರುವಿನಲ್ಲಿ, ಬೀರುವಿನ ಕೀಲಿಕೈ ಗುಮಾಸ್ತರಲ್ಲಿ, ಗುಮಾಸ್ತರು ಗಳಿಕೆ ರಜೆ ಹಾಕಿ ಧರ್ಮಸ್ಥಳದಲ್ಲಿ. ಇಂಥಲ್ಲಿ ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸಿಲ ಮೇಲೆ ಐದು ಗಂಟೆಯವರೆಗೆ ಕೂತರೆ ಹಾಜರಾತಿ ಸಿದ್ಧಿಸುತ್ತದೆಂದು ವೃತ್ತಿಕಾರರ ಮತ.

ಪಕ್ಕದ ಸ್ಟೂಲಿನವನು ಡಿಎಸ್‌ಟಿ ಪ್ರಾಜೆಕ್ಟಿನ ಜೆಆರ್‌ಎಫ್ ಆದರೆ ಅವನಿಗೆ ಸಾಂದರ್ಭಿಕ ರಜೆ ಮಾತ್ರ. ಇಬ್ಬರೂ ಒಂದೇ ಮದುವೆಗೆ ಹೊರಟರೆನ್ನಿ: ಒಬ್ಬ ಬೀಗರೂಟ ಮುಗಿಸಿಕೊಂಡು ಬರಬಹುದು, ಇನ್ನೊಬ್ಬ ಧಾರೆಗೆ ಅಕ್ಷತೆ ಹಾಕಿದವನೇ ಬಸ್ಸು ಹತ್ತಬೇಕು.

ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಮಹಿಳೆಯರಿಗೆ ಇಡೀ ಪಿಎಚ್.ಡಿ. ಅವಧಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆಯಿದೆ. ಇದನ್ನು ಅಣಕಿಸಲು ಈ ಭಾಷ್ಯಕಾರನಿಗೆ ಮನಸ್ಸಿಲ್ಲ. ಮಕ್ಕಳೊಂದಿಗರು ಬರೆದಂತೆ ಕಾಣುವ ಸೂತ್ರ ಇದೊಂದೇ.

ಉಳಿದದ್ದು ಒಪ್ಪಿಗೆ. ನಿಜ ಹೇಳಬೇಕೆಂದರೆ ಶಾಸ್ತ್ರವೆಲ್ಲ ಇಲ್ಲೇ ಇದೆ. 30 ಎಂಬುದು ಬರೀ ಅಲಂಕಾರ. ಗೈಡಿನ ಲೇಖನ ಯಾವುದಾದರೂ ಜರ್ನಲಿನಲ್ಲಿ ಸ್ವೀಕೃತವಾದ ದಿನ ಅರ್ಜಿ ಕೊಡಲು ಶುಭಮುಹೂರ್ತ. ನ್ಯಾಕ್ ತಂಡ ಬರುವ ತಿಂಗಳು ಶೂನ್ಯಮಾಸ. ಅರ್ಜಿ ನೋಡಿ ಗೈಡು, "ಏನಪ್ಪಾ, ಮೂರನೇ ಅಧ್ಯಾಯ ಎಲ್ಲಿಗೆ ಬಂತು?" ಎಂದರೆ ಅದು ನಿರಾಕರಣೆಯೋ ಕುಶಲಪ್ರಶ್ನೆಯೋ ಎಂಬಲ್ಲಿ ಮತಭೇದವಿದೆ. "ಹೋಗಿ ಬಾ, ಲ್ಯಾಪ್‌ಟಾಪ್ ತಗೊಂಡು ಹೋಗು" ಎಂದರೆ ರಜೆ ಸಿಕ್ಕಿತು, ಬಿಡುವು ಸಿಗಲಿಲ್ಲ ಎಂದು ಅರ್ಥೈಸಬೇಕು.

ಇಷ್ಟಾಗಿಯೂ ಐದು ದಿನ ಗಿಟ್ಟಿಸಿ ಊರು ಸೇರಿದವನನ್ನು ಸೋದರಮಾವ ಜಗಲಿಯಲ್ಲೇ ಹಿಡಿಯುತ್ತಾನೆ: "ಇನ್ನೂ ಓದ್ತಾನೇ ಇದೀಯೇನೋ? ಎಷ್ಟು ವರ್ಷದ್ದೋ ಅದು?" ನಿಯಮದ ಪ್ರಕಾರ ಕನಿಷ್ಠ ಮೂರು, ಗರಿಷ್ಠ ಆರು ಎಂಬ ಉತ್ತರ ಜಗಲಿಯಲ್ಲಿ ನಡೆಯುವುದಿಲ್ಲ. ಹೀಗೆ ಮೂರನೆಯ ದಿನವೇ ಹಾಸ್ಟೆಲಿಗೆ ಓಡಿ ಬಂದವನ ಉಳಿದೆರಡು ದಿನ ರಜೆಯ ಲೆಕ್ಕಕ್ಕೋ ಹಾಜರಿಯ ಲೆಕ್ಕಕ್ಕೋ? ಇತ್ಯರ್ಥಕ್ಕೆ ಬೇರೆ ಅರ್ಜಿ ಬೇಕು, ಅದಕ್ಕೆ ಗೈಡಿನ ಸಹಿ ಬೇಕು. ಗೈಡು ರಜೆಯಲ್ಲಿದ್ದಾರೆ.