ಒಂದು ತಲೆಹೊರೆ

ಗೇರುಸೊಪ್ಪದ ಆಸುಪಾಸಿನಲ್ಲಿ ಪೆಟ್ಟಿಗೆಯ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಮನುಷ್ಯ ಸಿಗುವುದು ಕಷ್ಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಸೀಮೆ. ಜೂನಿನಲ್ಲಿ ಮುಚ್ಚಿದ ಕಪಾಟನ್ನು ಸೆಪ್ಟೆಂಬರಿನಲ್ಲಿ ತೆರೆದರೆ ಮದುವೆಯ ಕೋಟಿಗೆ ಬೂಷ್ಟು ಹಿಡಿದಿರುತ್ತದೆ, ಕಪ್ಪು ಬೆಲ್ಟು ಹಸುರಾಗಿರುತ್ತದೆ. ಯಾವ ವಸ್ತುವನ್ನು ಯಾವುದರೊಳಗೆ ಇಟ್ಟರೆ ಮಳೆಗಾಲ ದಾಟೀತು ಎಂಬ ವಿದ್ಯೆ ಇಲ್ಲಿ ಅಡಿಗೆಯಷ್ಟೇ ಮುಖ್ಯ. ಹಪ್ಪಳಕ್ಕೆ ತಗಡಿನ ಡಬ್ಬಿ, ಕಾಳುಮೆಣಸಿಗೆ ಗೋಣಿಚೀಲ ಮತ್ತು ಅಟ್ಟ, ತೋಟದ ಕಾಗದಪತ್ರಕ್ಕೆ ಟ್ರಂಕು, ಟ್ರಂಕಿಗೆ ಬೀಗ, ಬೀಗದಕೈಗೆ ದೇವರ ಗೂಡು. ಇಂಥ ಊರಿಗೆ ಬಂದು ನನ್ನ ಅಕ್ಕನ ಮಗ "ಮಾವ, ಒಂದು ಒಳ್ಳೆ ಪೆಟ್ಟಿಗೆ ಬೇಕಾಗಿತ್ತು" ಎಂದದ್ದು ಮದುವೆಮನೆಯ ಜಗಲಿಯಲ್ಲಿ ಕೂತು ಜಾತಕ ಬಿಚ್ಚಿದಂತಾಯಿತು. ಸುತ್ತಲಿದ್ದವರೆಲ್ಲ ಕನ್ನಡಕ ಹಾಕಿಕೊಂಡರು.

ಅವನಿಗೆ ಬೇಕಾದದ್ದು ಕಾರು ಇಡುವ ಪೆಟ್ಟಿಗೆ. ಬೆಂಗಳೂರಿನಲ್ಲಿ ಐದು ದಿನ ಕಂಪ್ಯೂಟರಿನ ಎದುರು ಕೂತು ಬೆನ್ನು ಬಾಗಿಸಿಕೊಳ್ಳುತ್ತಾನೆ. ಉಳಿದೆರಡು ದಿನ ರಿಮೋಟಿನ ಕಾರುಗಳ ಪಂದ್ಯಕ್ಕೆ ಹೋಗಿ, ರಿಪೇರಿ ಮೇಜಿನ ಮೇಲೆ ಅದೇ ಬೆನ್ನನ್ನು ಇನ್ನಷ್ಟು ಬಾಗಿಸಿಕೊಳ್ಳುತ್ತಾನೆ. ಮಕ್ಕಳ ಆಟಿಕೆ ಎಂದು ಬಾಯಿತಪ್ಪಿಯೂ ಅನ್ನುವಂತಿಲ್ಲ. ನಿಜವಾದ ಬಂಡಿಯ ಹತ್ತನೇ ಒಂದು ಅಳತೆ, ಒಂದೂವರೆ ಕಿಲೋ ತೂಕ. ಮೋಟಾರು, ಡಿಫರೆನ್ಷಿಯಲ್, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು ಎಲ್ಲ ಇದೆ, ಕೂತು ಓಡಿಸುವವನೊಬ್ಬ ಇಲ್ಲ. ಜಪಾನಿನ ತಾಮಿಯಾ ಕಂಪನಿ 1976ರಲ್ಲಿ ಪೋರ್ಶೆ 934ರ ಮಾದರಿಯನ್ನು ರೇಡಿಯೋದಿಂದ ಓಡುವ ಹಾಗೆ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ಆ ಹುಚ್ಚು ಘಟ್ಟ ಇಳಿದು ನಮ್ಮ ಜಗಲಿಗೆ ಬರಲು ಇಷ್ಟು ವರ್ಷ ಹಿಡಿಯಿತು.

ಕಾರೊಂದೇ ಆಗಿದ್ದರೆ ರಟ್ಟಿನ ಡಬ್ಬಿ ಸಾಕಿತ್ತು. ಅದರ ಪರಿವಾರ ದೊಡ್ಡದು. ಮಣ್ಣಿನ ಟ್ರ್ಯಾಕಿಗೊಂದು ಜೊತೆ ಟಯರು, ಪ್ಲಾಸ್ಟಿಕ್ ಹುಲ್ಲಿಗೊಂದು, ಕಾರ್ಪೆಟ್ಟಿಗೊಂದು. ಹಲ್ಲಿನ ಲೆಕ್ಕದಲ್ಲಿ ಬೇರೆ ಬೇರೆ ಪಿನಿಯನ್ ಗೇರುಗಳು. ಬಣ್ಣದಿಂದ ಗುರುತಿಸುವ ಸ್ಪ್ರಿಂಗುಗಳು. ತೆಳು, ದಪ್ಪ ಎಂದು ನಂಬರು ಬರೆದ ಎಣ್ಣೆ ಶೀಶೆಗಳು. ಒಂದೂವರೆ, ಎರಡು, ಎರಡೂವರೆ ಮಿಲಿಮೀಟರಿನ ಆರುಮೂಲೆ ಸ್ಕ್ರೂಡ್ರೈವರುಗಳು. ಬ್ಯಾಟರಿ, ಚಾರ್ಜರು, ರಿಮೋಟು, ಟಯರು ಅಂಟಿಸುವ ಗೋಂದು. ಗೋಂದಿನಿಂದ ಬೆರಳು ಬಿಡಿಸಿಕೊಳ್ಳುವುದಕ್ಕೆ ಇನ್ನೊಂದು ಶೀಶೆ. ಮತ್ತೆ ಸ್ಕ್ರೂಗಳು. ಸಾಸಿವೆಯಷ್ಟಿರುವ ಸ್ಕ್ರೂ ಒಂದು ಬಿದ್ದುಹೋದರೆ ಅಂದಿನ ಪಂದ್ಯ ಮುಗಿದಂತೆ.

ಮೊದಲ ಸಲಹೆ ಟ್ರಂಕಿನದು. ಹೊನ್ನಾವರದ ಪೇಟೆಯಲ್ಲಿ ಹಾಸ್ಟೆಲ್ಲಿಗೆ ಹೊರಟ ಮಕ್ಕಳಿಗೆಂದು ಮಾರುವ ತಗಡಿನ ಟ್ರಂಕು ನಾಲ್ಕು ತಲೆಮಾರಿನ ವಿದ್ಯಾಭ್ಯಾಸಕ್ಕೆ ಸಾಕ್ಷಿ. ಆದರೆ ಉಪ್ಪುಗಾಳಿಗೆ ಮೂಲೆಗಳಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕಿನ ಹುಡಿ ಬೇರಿಂಗಿನೊಳಗೆ ಹೋದರೆ ಚಕ್ರ ಕಿರುಗುಟ್ಟುತ್ತದೆ. ಹಲಸಿನ ಮರದ್ದು ಮಾಡಿಸು ಅಂದರು ಪಕ್ಕದ ತೋಟದವರು. ಹಲಸಿನ ಪೆಟ್ಟಿಗೆ ಮಾಡಿಸಿದರೆ ಅದನ್ನು ಇಟ್ಟ ಜಾಗದಲ್ಲಿ ಮನೆ ಕಟ್ಟಬೇಕು, ಅಷ್ಟು ತೂಕ. ಮತ್ತೊಬ್ಬರಿಗೆ ಕುಮಟೆಯ ಗುಡಿಗಾರರ ನೆನಪಾಯಿತು. ಗಂಧದ ಮರದಲ್ಲಿ ಬಳ್ಳಿ, ಆನೆ, ದೇವತೆಗಳನ್ನು ಬಿಡಿಸಿದ ಪೆಟ್ಟಿಗೆ. ಅದರೊಳಗೆ ಶಾಕ್ ಅಬ್ಸಾರ್ಬರಿನ ಎಣ್ಣೆ ಚೆಲ್ಲಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ, "ಪರಿಮಳ ಬರ್ತದೆ" ಅಂದರು.

ಕಾಸರಕೋಡಿನ ಬಂದರಿಗೆ ಹೋಗಿ ಬರುವ ಪರಿಚಯದವರೊಬ್ಬರು ಗಾಳದ ಪೆಟ್ಟಿಗೆ ನೋಡು ಅಂದರು. ಇದು ನಗುವ ಮಾತಲ್ಲ. ಅಮೆರಿಕದಲ್ಲಿ ಈ ಪಂದ್ಯದವರಲ್ಲಿ ಕೆಲವರು ಮೀನು ಹಿಡಿಯುವವರ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಮುಚ್ಚಳ ಎತ್ತಿದರೆ ಮೆಟ್ಟಿಲಿನ ಹಾಗೆ ತಟ್ಟೆಗಳು ಹೊರಗೆ ಬರುತ್ತವೆ. ಗಾಳದ ಕೊಕ್ಕೆ ಇರುವಲ್ಲಿ ಸ್ಕ್ರೂ, ಸೀಸದ ಗುಂಡು ಇರುವಲ್ಲಿ ಗೇರು. ತೊಂದರೆ ತಳದಲ್ಲಿ. ಉದ್ದ ನೋಡಿ ಪೆಟ್ಟಿಗೆ ಕೊಳ್ಳುವವರು ಅಗಲ ನೋಡಲು ಮರೆಯುತ್ತಾರೆ. ಈ ಕಾರು ಉದ್ದಕ್ಕೆ ಸುಮಾರು 40 ಸೆಂಟಿಮೀಟರು, ಚಕ್ರದಿಂದ ಚಕ್ರಕ್ಕೆ 25. ಎಲೆಕ್ಟ್ರಿಷಿಯನ್ನರು ಹಿಡಿದು ತಿರುಗುವ ಪ್ಲಾಸ್ಟಿಕ್ ಪೆಟ್ಟಿಗೆ ಹೊರಗಿನಿಂದ ಬೇಕಾದಷ್ಟು ದೊಡ್ಡದು, ಒಳಗೆ ಮಾತ್ರ ಗೇಣಗಲ. ಪ್ರತಿ ಸಲ ನಾಲ್ಕು ಚಕ್ರ ಬಿಚ್ಚಿ ಮಲಗಿಸಬೇಕು. ಅಂಗಡಿಗೆ ಹೋಗುವಾಗ ಟೇಪು ಒಯ್ದು ಒಳಗಡೆ ಹಿಡಿದು ನೋಡಬೇಕು. ಅಂಗಡಿಯವರಿಗೆ ಇದು ಇಷ್ಟವಾಗುವುದಿಲ್ಲ, ಆಗದಿದ್ದರೆ ಪರವಾಗಿಲ್ಲ.

ಈ ಚರ್ಚೆಯನ್ನೆಲ್ಲ ನಮ್ಮ ಆಯಿ ಕುಟ್ಟಾಣಿಯಲ್ಲಿ ಕವಳ ಕುಟ್ಟುತ್ತ ಕೇಳುತ್ತಿದ್ದಳು. ಹಲ್ಲು ಗಟ್ಟಿಯಿದ್ದ ಕಾಲದಲ್ಲಿ ಅವಳ ಸೊಂಟದಲ್ಲಿ ಕವಳದ ಸಂಚಿ ಇತ್ತು. ಅದಕ್ಕಿಂತ ಜಾಣತನದ ಚೀಲವನ್ನು ನಾನು ಇನ್ನೂ ನೋಡಿಲ್ಲ. ಒಂದು ಮಡಿಕೆಯಲ್ಲಿ ಎಲೆ, ಒಂದರಲ್ಲಿ ಹೋಳು ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಹೊಗೆಸೊಪ್ಪು, ತೀರ ಒಳಗಿನದರಲ್ಲಿ ದುಡ್ಡು. ಯಕ್ಷಗಾನದ ಆಟ ನೋಡಲು ಹೋದ ರಾತ್ರಿ ಕಣ್ಣು ರಂಗಸ್ಥಳದ ಮೇಲೇ ಇರುತ್ತಿತ್ತು, ಬೆರಳು ತಾನಾಗಿ ಸುಣ್ಣ ಹುಡುಕಿ ಎಲೆಗೆ ಹಚ್ಚಿ ಮಡಚುತ್ತಿತ್ತು. ಕತ್ತಲಲ್ಲಿ ಕೈಗೆ ಸಿಗದ ವಸ್ತು ಪೆಟ್ಟಿಗೆಯಲ್ಲಿ ಇದ್ದೂ ಇಲ್ಲದ್ದೇ. ಪಂದ್ಯದ ನಡುವೆ ಐದು ನಿಮಿಷದ ಬಿಡುವಿನಲ್ಲಿ ಸ್ಪ್ರಿಂಗು ಬದಲಿಸುವವನಿಗೂ ಬೇಕಾದದ್ದು ಇಷ್ಟೇ ಅಲ್ಲವೇ. ಆದರೆ ಇವನ ಸ್ಪ್ರಿಂಗುಗಳೆಲ್ಲ ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗಂಟುಬಿದ್ದು ಕೂತಿದ್ದವು.

ಆಯಿ ಕುಟ್ಟುವುದು ನಿಲ್ಲಿಸಿ ಕೇಳಿದಳು, "ಅಲ್ಲ ತಮಾ, ಪೆಟ್ಗೆ ಹೊರೂದು ಯಾರು?"

ಅಷ್ಟು ಹೊತ್ತಿನ ಮಾತಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಅವಳಿಗೆ ಪೆಟ್ಟಿಗೆ ಎಂದರೆ ಯಕ್ಷಗಾನ ಮೇಳದ ಪೆಟ್ಟಿಗೆ. ನಮ್ಮ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಲಾರಿ, ಬಸ್ಸು ಎಲ್ಲ ಕಡೆ ಹೋಗದ ಆ ಕಾಲದಲ್ಲಿ ಮೇಳವೆಂದರೆ ನಡೆಯುವ ಜನ. ಬೆಳಗಿನ ಜಾವ ಮಂಗಳ ಹಾಡಿ ಬಣ್ಣ ತೆಗೆದು, ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಪೆಟ್ಟಿಗೆಗೆ ತುಂಬಿ ಮುಂದಿನ ಊರಿಗೆ ಹೊರಡಬೇಕು. ವೇಷದ ಆಭರಣ ನೋಡಲು ಬಂಗಾರದ ಕೊಪ್ಪರಿಗೆ. ಎತ್ತಿದರೆ ಹಗುರ ಮರ, ಮೇಲೆ ಬೇಗಡೆ, ನಡುನಡುವೆ ಕನ್ನಡಿ ಚೂರು. ರಾವಣನ ಹತ್ತು ತಲೆಯ ಗರ್ವವೂ ಹಗುರವಾಗಿಯೇ ಇರಬೇಕು, ಯಾಕೆಂದರೆ ಅದು ಇನ್ನೊಬ್ಬರ ತಲೆಯ ಮೇಲೆ ಹೊಳೆ ದಾಟಬೇಕು. ಒಂದು ತಲೆಹೊರೆ ಎಂಬುದೇ ಅಲ್ಲಿನ ಅಳತೆ. ಅದಕ್ಕಿಂತ ದೊಡ್ಡ ಪೆಟ್ಟಿಗೆ ಮಾಡಿಸುವ ಮೇಳಕ್ಕೆ ಇನ್ನೊಬ್ಬ ಆಳಿನ ಊಟ, ಸಂಬಳ ಗಂಟುಬೀಳುತ್ತದೆ. ಬಣ್ಣ ಹಚ್ಚುವ ಚೌಕಿಯಲ್ಲಿ ಇಳಿಸಿದ ಮೇಲೂ ಅವಕ್ಕೊಂದು ಶಿಸ್ತು. ಯಾರ ಮುಂದೆ ಯಾವುದು ತೆರೆಯಬೇಕು, ಯಾವುದರಲ್ಲಿ ಬಣ್ಣ, ಯಾವುದರಲ್ಲಿ ಬಟ್ಟೆ ಎಂದು ಹೇಳಿಕೊಡಬೇಕಾಗಿಲ್ಲ. ಗಣಪತಿಗೆ ಪೂಜೆಯಾದ ಮೇಲೆ ಅವರವರ ಪೆಟ್ಟಿಗೆ, ಅವರವರ ಕನ್ನಡಿ, ಅವರವರ ಮುಖ.

ಅಳಿಯನ ಮೊಬೈಲಿನಲ್ಲಿ ಚಿತ್ರ ನೋಡಿದೆ. ಗಾಲಿ ಹಚ್ಚಿದ, ಅಲ್ಯುಮಿನಿಯಂ ಅಂಚಿನ, ಒಳಗೆ ಸ್ಪಂಜು ಕೊರೆದ ಆಳೆತ್ತರದ ಪೆಟ್ಟಿಗೆಗಳು. ನೀರು ಹೋಗುವುದಿಲ್ಲವಂತೆ, ಧೂಳು ಹೋಗುವುದಿಲ್ಲವಂತೆ, ಮೇಲೆ ಜೀಪು ಹತ್ತಿಸಿದರೂ ಒಡೆಯುವುದಿಲ್ಲವಂತೆ. ಇವನ ಕಾರಿನ ಮೇಲೆ ಜೀಪು ಹತ್ತಿಸುವ ದ್ವೇಷ ಯಾರಿಗಿದೆಯೋ ತಿಳಿಯದು. ಅವೆಲ್ಲ ವ್ಯಾನಿನ ಹಿಂಬಾಗಿಲಿಂದ ಇಳಿದು ಸಿಮೆಂಟಿನ ಮೇಲೆ ಉರುಳುವ ಪೆಟ್ಟಿಗೆಗಳು. ಇವನಿರುವುದು ಬಾಡಿಗೆ ಮನೆಯ ಮೂರನೇ ಮಹಡಿ, ಓಡಾಟ ಬಸ್ಸು ಮತ್ತು ಇನ್ನೊಬ್ಬರ ಸ್ಕೂಟರಿನ ಹಿಂದಿನ ಸೀಟು. ಗಾಲಿ ಇದ್ದ ಪೆಟ್ಟಿಗೆಯನ್ನು ಮೆಟ್ಟಿಲಲ್ಲಿ ಹೊರುವಾಗ ಗಾಲಿಯ ಭಾರವನ್ನೂ ಹೊರಬೇಕು. ಇದನ್ನು ಹೇಳಿದೆ, ಅವನು ಸುಮ್ಮನಾದ.

ಪೆಟ್ಟಿಗೆ ಹೊತ್ತವರ ಮಾತು ಬಂದಾಗ ನನಗೆ ನಮ್ಮೂರಿಗೇ ಬಂದಿದ್ದ ಒಬ್ಬ ಪ್ರವಾಸಿಯ ನೆನಪಾಗುತ್ತದೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟವನು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪಕ್ಕೆ ಬಂದ. ನದಿಯ ಚೆಲುವನ್ನು ಮನಸಾರೆ ಹೊಗಳಿ ಬರೆದಿದ್ದಾನೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ನಗರ ಅಷ್ಟರಲ್ಲೇ ಹಾಳುಬಿದ್ದು ಕಾಡು ಬೆಳೆದಿತ್ತು. ನಗರಬಸ್ತಿಕೇರಿಯ ಚತುರ್ಮುಖ ಬಸದಿ ಈಗಲೂ ನಾಲ್ಕು ಬಾಗಿಲು ತೆರೆದು ನಿಂತಿದೆ. ನಾನು ಹೇಳಹೊರಟದ್ದು ಅದಲ್ಲ. ಈ ಮನುಷ್ಯನ ಹೆಂಡತಿ ಮಾನಿ 1621ರ ಕೊನೆಗೆ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಡಲು ಮನಸ್ಸು ಬಾರದೆ, ದೇಹಕ್ಕೆ ಕರ್ಪೂರ ತುಂಬಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಹಡಗು ಹತ್ತಿದ. ಹೆಣವೆಂದು ಗೊತ್ತಾದರೆ ನಾವಿಕರು ಹತ್ತಿಸಿಕೊಳ್ಳರು. ಅದಕ್ಕೆ ಬಟ್ಟೆಬರೆಯ ಸಾಮಾನಿನಂತೆ ಕಾಣುವ ಹಾಗೆ ಕಟ್ಟಿಸಿದ್ದ. ಹಾಗೆಯೇ ಹಿಂದೂಸ್ಥಾನಕ್ಕೆ ತಂದು, ಮತ್ತೆ ಸಮುದ್ರ, ಮರುಭೂಮಿ ದಾಟಿಸಿ, 1626ರಲ್ಲಿ ರೋಮಿಗೆ ಮುಟ್ಟಿಸಿ ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ.

ಇದನ್ನು ಕೇಳಿ ಅಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ನಂದು ಬರೀ ಕಾರು" ಅಂದ.

ಬ್ಯಾಟರಿಯ ಪ್ರಕರಣ ಬೇರೆ. ಅದು ಲಿಥಿಯಂ ಪಾಲಿಮರ್ ಜಾತಿಯದು. ಎರಡು ಕೋಶ, ಒಟ್ಟು 7.4 ವೋಲ್ಟ್. ಗುಣದಲ್ಲಿ ಹಳೇ ಕಾಲದ ಮಾವನಂಥದ್ದು, ಹೆಚ್ಚು ಉಣಿಸಿದರೆ ಊದುತ್ತದೆ, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಕೋಶವೊಂದಕ್ಕೆ 4.2 ವೋಲ್ಟ್ ಪೂರ್ತಿ ಹೊಟ್ಟೆ. ಓಡಿಸದೆ ಇಡುವಾಗ 3.8ರ ಆಸುಪಾಸಿನಲ್ಲಿ, ಅರೆಹೊಟ್ಟೆಯಲ್ಲಿ ಇಡಬೇಕು. ಇದನ್ನು ಭದ್ರವಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಗಾಳಿಯಾಡದಂತೆ ಮುಚ್ಚಿಡುವುದು ಮನಸ್ಸಿಗೆ ಮೊದಲು ಹೊಳೆಯುವ ಉಪಾಯ, ಮತ್ತು ತಪ್ಪು ಉಪಾಯ. ಹೊತ್ತಿಕೊಂಡರೆ ಹೊಗೆಗೆ ದಾರಿ ಬೇಕು, ಇಲ್ಲವಾದರೆ ಪೆಟ್ಟಿಗೆಯೇ ಸಿಡಿಯುತ್ತದೆ. ಬೆಂಕಿ ತಾಳುವ ಬಟ್ಟೆಯ ಬೇರೆ ಚೀಲದಲ್ಲಿಟ್ಟು, ಮಿಕ್ಕ ಸಾಮಾನಿನಿಂದ ದೂರ ಮಾಡುವುದು ವಾಸಿ. ಆಯಿಗೆ ಅರ್ಥವಾದದ್ದು ಬೆಂಕಿ ಎಂಬ ಒಂದೇ ಶಬ್ದ. "ಬಚ್ಚಲೊಲೆ ಹತ್ರ ಇಡಡ" ಎಂದು ಅಪ್ಪಣೆಯಾಗಿ ಚಾರ್ಜರು ಅಂಗಳದಾಚೆಯ ಚಿರೆಕಲ್ಲಿನ ಕಟ್ಟೆಗೆ ಹೋಯಿತು. ಅಲ್ಲಿ ವೈರು ಎಳೆದು ಹಚ್ಚುವಷ್ಟರಲ್ಲಿ ಗಾಳಿಮಳೆ ಬಂದು ಕರೆಂಟು ಹೋಯಿತು. ಮನೆಯಿಂದ ಕೂಗಳತೆಯಲ್ಲಿ ಶರಾವತಿಯ ಕೊನೆಯ ಅಣೆಕಟ್ಟು 240 ಮೆಗಾವ್ಯಾಟ್ ಶಕ್ತಿ ಹೊತ್ತು ನಿಂತಿದೆ. ನಮಗೆ ಬೇಕಾದದ್ದು ಒಂದು ಅಂಗೈ ಅಗಲದ ಬ್ಯಾಟರಿ ತುಂಬುವಷ್ಟು.

ಕೊನೆಗೆ ಅವನು ತರಿಸಿದ್ದು ಪೆಟ್ಟಿಗೆಯೂ ಅಲ್ಲದ ಚೀಲವೂ ಅಲ್ಲದ ಒಂದು ವಸ್ತು. ಹೊರಗೆ ದಪ್ಪ ಕ್ಯಾನ್ವಾಸು, ಹೆಗಲಿಗೆ ಪಟ್ಟಿ. ಒಳಗೆ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆಯ ಖಾನೆಗಳು, ಮೇಜಿನ ಡ್ರಾಯರಿನಂತೆ ಎಳೆಯುವವು. ಮೇಲಿನದರಲ್ಲಿ ಕಾರು ಚಕ್ರಸಮೇತ ಕೂರುತ್ತದೆ, ಕೆಳಗಿನದರಲ್ಲಿ ಹತ್ಯಾರು. ಒಂದು ಖಾನೆ ಹರಿದರೆ ಅದನ್ನಷ್ಟೇ ಬದಲಿಸಬಹುದು. ಊರವರಿಗೆ ನಿರಾಸೆಯಾಯಿತು. ಬೀಗ ಇಲ್ಲದ್ದನ್ನು ಪೆಟ್ಟಿಗೆ ಎಂದು ಒಪ್ಪಲು ಅವರು ತಯಾರಿರಲಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹೊಸ ಚಪ್ಪಲಿ, ಮಾತ್ರೆ ಡಬ್ಬಿಗಳಿಂದ ಆರಿಸಿ ಮೂಲೆಮೂಲೆಗೆ ನಾನೇ ಇಟ್ಟೆ. ಸ್ಕ್ರೂ, ಸ್ಪ್ರಿಂಗುಗಳಿಗೆ ಆಯಿ ತನ್ನ ಕವಳದ ಸಂಚಿ ಕೊಟ್ಟಳು. ಸುಣ್ಣ ಝಾಡಿಸಿ, ತೊಳೆದು, ಒಣಗಿಸಿ. ಅದರ ಜೊತೆಗೆ ಅಡಕತ್ತರಿಯನ್ನೂ ಕೊಟ್ಟಿದ್ದು ಬರೀ ಪ್ರೀತಿಯಿಂದ. ಅವನು ಅದರಲ್ಲಿ ಕಾರಿನ ಪ್ಲಾಸ್ಟಿಕ್ ಬಾಡಿಯ ಅಂಚು ಕತ್ತರಿಸಲು ಹೋದದ್ದನ್ನು ನೋಡಿ ಅರ್ಧ ಗಂಟೆಯಲ್ಲಿ ವಾಪಸು ತೆಗೆದುಕೊಂಡಳು.

ಹೊರಡುವ ಮುಂಚೆ ಅಡಿಕೆ ಅಂಗಳದಲ್ಲಿ ಒಂದು ಪ್ರದರ್ಶನ ನಡೆಯಿತು. ಕೇರಿಯ ಮಕ್ಕಳೆಲ್ಲ ಸೇರಿದರು. ಮಣ್ಣಿಗೆ, ಹುಲ್ಲಿಗೆ, ಕಾರ್ಪೆಟ್ಟಿಗೆ ಎಂದು ಮೂರು ಜಾತಿಯ ಟಯರು ತಂದವನ ಹತ್ತಿರ ಸಗಣಿ ಸಾರಿಸಿದ ಅಂಗಳದ ಟಯರು ಇರಲಿಲ್ಲ. ಕಾರು ಎರಡು ಸುತ್ತು ಬಾಣದಂತೆ ಹೋಗಿ ಮೂರನೇದಕ್ಕೆ ಜಾರಿ ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕಿ ಬಚ್ಚಲು ನೀರಿನ ಗುಂಡಿಗೆ ಇಳಿಯಿತು. ಮಕ್ಕಳಿಗೆ ಪಂದ್ಯಕ್ಕಿಂತ ಆಮೇಲಿನ ರಿಪೇರಿಯೇ ಹೆಚ್ಚು ಹಿಡಿಸಿತು. ಸಂಚಿ ಬಿಚ್ಚಿ ಕೂತವನ ಸುತ್ತ ನಿಂತು, ಒಬ್ಬೊಬ್ಬರೂ ಒಂದೊಂದು ಮಡಿಕೆಯ ಯಜಮಾನರಾದರು.

ಬೆಂಗಳೂರಿನ ರಾತ್ರಿ ಬಸ್ಸಿಗೆ ಹತ್ತಿಸಲು ನಾನೂ ಹೋಗಿದ್ದೆ. ಅವನ ಹೆಗಲಲ್ಲಿ ಆ ಚೀಲ, ಕೈಯಲ್ಲಿ ಹಪ್ಪಳದ ಡಬ್ಬಿ. ಕಂಡಕ್ಟರು ಬಯಲುಸೀಮೆಯವರು, ಚೀಲದ ಗಾತ್ರ ನೋಡಿ ಲಗೇಜಿನ ಲೆಕ್ಕ ಹಾಕುತ್ತ ಬಾಗಿಲಲ್ಲೇ ತಡೆದರು.

"ಏನೈತ್ರೀ ಇದರಾಗ?"

"ಕಾರು" ಅಂದ ಅಳಿಯ.

ಕಂಡಕ್ಟರು ಅವನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದರು. "ಕಾರ್ ಇಟ್ಕೊಂಡು ಬಸ್ಸಿಗೆ ಯಾಕ್ ಬಂದ್ರೀ?" ಎಂದು ಸೀಟಿ ಊದಿದರು.