ಉಪನಗರ ಮೀಮಾಂಸೆ: ಬಾಡಿಗೆ, ದಾರಿ, ದಿನಸಿಗಳೆಂಬ ತ್ರಿದೋಷಗಳ ವಿಚಾರ

ಯಾವುದೇ ಶಾಸ್ತ್ರಗ್ರಂಥಕ್ಕೆ ಕೈಹಾಕುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ಬೆಂಗಳೂರಿನ ನೈಋತ್ಯಕ್ಕೆ, ಮೈಸೂರು ರಸ್ತೆಯ ಗುಂಟ, ಕೆಂಗೇರಿ ಉಪನಗರದ ಆಚೀಚೆ ಹಬ್ಬಿರುವ ಬಡಾವಣೆಗಳಲ್ಲಿ ಮನೆ ಮಾಡುವುದು. ಪ್ರಯೋಜನ ಏನೂ ಇಲ್ಲ. ಸಂಬಂಧ ಬ್ರೋಕರ್ ಮೂಲಕ, ಒಂದು ತಿಂಗಳ ಬಾಡಿಗೆ ಕಮಿಷನ್. ಇನ್ನು ಅಧಿಕಾರಿ: ‘ನೀರಿಗೇನೂ ತೊಂದರೆ ಇಲ್ಲ ತಾನೆ?’ ಎಂದು ಮನೆ ಮಾಲೀಕರನ್ನು ಕೇಳಿ, ಅವರು ‘ಇಪ್ಪತ್ನಾಲ್ಕು ಗಂಟೆ ಬರುತ್ತೆ’ ಎಂದಾಗ ನಂಬಿದ ಯಾರೇ ಆಗಲಿ, ಈ ಶಾಸ್ತ್ರ ಓದಲು ಅರ್ಹರು.

ಕ್ಷೇತ್ರದ ಬಗ್ಗೆ ಒಂದು ಮಾತು. ವಾಸ್ತುವಿನಲ್ಲಿ ನೈಋತ್ಯ ಮೂಲೆ ಭಾರವಾದ ಸಾಮಾನು ಇಡುವ ಜಾಗ. ನಗರ ಕಟ್ಟಿದವರು ಇದನ್ನು ಚಾಚೂ ತಪ್ಪದೆ ಪಾಲಿಸಿ, ಅರ್ಧ ಊರಿನ ಕೊಳಚೆ ಹೊತ್ತ ವೃಷಭಾವತಿಯನ್ನು ಈ ಮೂಲೆಯಿಂದಲೇ ಹರಿಸಿದ್ದಾರೆ.

ಪ್ರಮಾಣಗಳಿಗೆ ಬರೋಣ. ನೈಯಾಯಿಕರು ಒಪ್ಪುವುದು ನಾಲ್ಕನ್ನು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಮನೆ ಹುಡುಕಾಟದಲ್ಲಿ ಶಬ್ದವೇ ಬಲಿಷ್ಠ. ಶಬ್ದವೆಂದರೆ ಆಪ್ತವಾಕ್ಯ, ಆಪ್ತನೆಂದರೆ ಬ್ರೋಕರ್. ‘ಮೆಟ್ರೊಗೆ ಐದೇ ನಿಮಿಷ ಸಾರ್’ ಎಂಬ ವಾಕ್ಯವನ್ನೇ ನೋಡಿ. ಐದು ನಿಮಿಷ ಯಾರದು, ನಡೆಯುವವರದೋ ಬೈಕಿನವರದೋ? ಯಾವ ಹೊತ್ತಿನದು? ಭಾಷ್ಯಕಾರರ ಬಹುಮತದ ಪ್ರಕಾರ ಯುಗಾದಿಯ ಮರುದಿನ ಬೆಳಗಿನ ಜಾವ, ಅಂಡರ್‌ಪಾಸಿನಲ್ಲಿ ನೀರು ನಿಂತಿರದಿದ್ದರೆ, ಜಲಮಂಡಳಿ ಅಗೆದ ಗುಂಡಿಯನ್ನು ಯಾರಾದರೂ ಮುಚ್ಚಿದ್ದರೆ, ಈ ವಾಕ್ಯ ಸತ್ಯ. ಅನುಮಾನ ಪ್ರಮಾಣವನ್ನು ಕಡೆಗಣಿಸುವುದು ದೊಡ್ಡ ತಪ್ಪು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ಹಳೆಯ ಉದಾಹರಣೆ. ಎಲ್ಲಿ ಗೇಟಿನ ಮುಂದೆ ನೆಲ ಸದಾ ಒದ್ದೆಯೋ ಅಲ್ಲಿ ಟ್ಯಾಂಕರ್ ಎಂಬುದು ನಮ್ಮದು.

ಸಿದ್ಧಾಂತ ಹೀಗಿದೆ. ಉಪನಗರವಾಸಿಯ ದೇಹದಲ್ಲಿ ಮೂರು ದೋಷಗಳಿವೆ. ಬಾಡಿಗೆ ವಾತ: ಒಂದನೇ ತಾರೀಖು ಬಂದು ಗಾಳಿಯಂತೆ ಹೋಗಿಬಿಡುತ್ತದೆ. ದಾರಿ ಪಿತ್ತ: ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತು ಅನುಭವಿಸಿದವರಿಗೆ ವಿವರಣೆ ಬೇಡ. ದಿನಸಿ ಕಫ: ಅಡುಗೆಮನೆಯ ಅಟ್ಟದಲ್ಲಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಒಂದನ್ನು ಶಮನ ಮಾಡಿದರೆ ಇನ್ನೊಂದು ಕೆರಳುತ್ತದೆ. ಮೂರರ ಮೊತ್ತ ಮಾತ್ರ ಸಂಬಳಕ್ಕೆ ಸಮ.

ಪಾಶ್ಚಾತ್ಯರೂ ಇದನ್ನು ಮುಟ್ಟಿನೋಡಿದ್ದಾರೆ. ಜರ್ಮನಿಯ ಜಮೀನ್ದಾರ ಫಾನ್ ಥ್ಯೂನೆನ್ 1826ರಲ್ಲೇ ಊರಿನ ಸುತ್ತ ಬಳೆ ಬಳೆಯಾಗಿ ಭೂಮಿಯನ್ನು ಹಂಚಿ ತೋರಿಸಿದ: ಬೇಗ ಕೆಡುವ ಹಾಲು ತರಕಾರಿ ಊರಿಗೆ ಹತ್ತಿರದ ಬಳೆಯಲ್ಲಿ, ಸೌದೆ ಅದರಾಚೆ, ಧಾನ್ಯ ಇನ್ನೂ ಆಚೆ. ಆತ ಕೆಂಗೇರಿಯಾಚೆಯ ಚಲ್ಲಘಟ್ಟಕ್ಕೆ ಬಂದಿದ್ದರೆ ಪುಸ್ತಕ ತಿದ್ದಬೇಕಾಗುತ್ತಿತ್ತು. ಇಲ್ಲಿ ಹಾಲು ತರಕಾರಿ ಬರುವುದು ದೂರದ ತಾಲ್ಲೂಕುಗಳಿಂದ. ಹತ್ತಿರದ ಬಳೆಯಲ್ಲಿ ಬೆಳೆಯುವುದು ಸೈಟು. ರಾಗಿ ಹೊಲದಲ್ಲಿ ಒಂದು ಬೆಳಿಗ್ಗೆ ಬಿಳಿ ಬಣ್ಣ ಬಳಿದ ಕಲ್ಲುಗಳು ಮೊಳೆಯುತ್ತವೆ, ಮೂವತ್ತು ಅಡಿಗೊಂದು, ನಲವತ್ತು ಅಡಿಗೊಂದು. ಇದು ನೀರು ಕೇಳದ ಬೆಳೆ. ನೀರು ಕೇಳುವುದು ಮನೆ ಕಟ್ಟಿದ ಮೇಲೆ. 2007ರಲ್ಲಿ ಮಹಾನಗರ ಪಾಲಿಕೆಯೊಳಕ್ಕೆ ಕೆಂಗೇರಿ ಪುರಸಭೆಯೂ ಏಳು ನಗರಸಭೆಗಳೂ 110 ಹಳ್ಳಿಗಳೂ ಬಂದು ಬಿದ್ದವು. ಆ ಹಳ್ಳಿಗಳಿಗೆಂದು ಕಾವೇರಿ ನೀರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಪಾಲಿಕೆಗೇ ವಯಸ್ಸಾಗಿ, ಮರುವರ್ಷ ಅದು ಐದು ಹೋಳಾಯಿತು.

ಬಾಡಿಗೆ ಬೇಡ, ಸ್ವಂತದ್ದೇ ಇರಲಿ ಎನ್ನುವವರಿಗೆ ಮೋಕ್ಷದ ಪ್ರಭೇದಗಳನ್ನು ತಿಳಿಸಬೇಕು. ಎ ಖಾತೆ ಸಾಯುಜ್ಯ. ಇಲ್ಲಿ ಮಾಲೀಕನೂ ನಗರವೂ ಒಂದೇ, ಬ್ಯಾಂಕು ಕೂಡ ನಮಸ್ಕರಿಸುತ್ತದೆ. ಬಿ ಖಾತೆ ಬರೀ ಸಾಲೋಕ್ಯ: ಅದೇ ಲೋಕದಲ್ಲಿ ಇರಬಹುದು, ತೆರಿಗೆಯನ್ನೂ ಕಟ್ಟಬಹುದು, ಆದರೆ ದೇವರ ಹತ್ತಿರ ಸುಳಿಯುವಂತಿಲ್ಲ. ಗ್ರಾಮ ಪಂಚಾಯಿತಿಯ ಸೈಟು ಸಾಮೀಪ್ಯ. ನಗರದ ದೀಪಗಳು ಮಹಡಿಯಿಂದ ಕಾಣುತ್ತವೆ. ಶುಲ್ಕ ಕಟ್ಟಿದರೆ ಬಿಯಿಂದ ಎಗೆ ಬಡ್ತಿ ಎಂದು 2025ರಲ್ಲಿ ಸರ್ಕಾರ ಸಾರಿದ ಮೇಲೆ ಈ ಶ್ರೇಣಿ ಸ್ವಲ್ಪ ಸಡಿಲಗೊಂಡಿದೆ. ಪುಣ್ಯವನ್ನು ಕಂತಿನಲ್ಲಿ ಕಟ್ಟಬಹುದೇ ಎಂಬ ಚರ್ಚೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ನಡೆದಿದೆ.

ಇನ್ನು ಪಿತ್ತ. ಗುಹೆಯ ಕಾಲದಿಂದಲೂ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆಯನ್ನಷ್ಟೇ ಓಡಾಟಕ್ಕೆ ಕೊಡುತ್ತಾನೆ, ವಾಹನ ಚುರುಕಾದಂತೆಲ್ಲ ಊರು ಅಗಲವಾಗುತ್ತದೆ ಎಂದು ಇಟಲಿಯ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ. ಗುಹಾವಾಸಿಗೆ ಸಿಲ್ಕ್ ಬೋರ್ಡ್ ಕಡೆ ಕೆಲಸ ಇರಲಿಲ್ಲವೆಂಬುದನ್ನು ಆತ ಗಣನೆಗೆ ತೆಗೆದುಕೊಂಡಂತಿಲ್ಲ. 2024ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ನಮ್ಮಲ್ಲಿ ವಾಹನ ನಿಧಾನವಾದಂತೆಲ್ಲ ಊರು ಅಗಲವಾಗುತ್ತದೆ.

ಮೆಟ್ರೊ ಬಂದಿತಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ಬಂದಿದೆ; 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ. ಅದರ ಹಿಂದೆಯೇ ಬಾಡಿಗೆಯೂ ಬಂತು. 2025ರ ಫೆಬ್ರುವರಿಯಲ್ಲಿ ಗರಿಷ್ಠ ಟಿಕೆಟ್ ದರ 60ರಿಂದ 90 ರೂಪಾಯಿಗೆ ಏರಿದಾಗ, ಬೈಕನ್ನು ಮೂಲೆಗಿಟ್ಟವರು ಮತ್ತೆ ಸೀಟು ಒರೆಸಿದರು. ನಮ್ಮ ಅಧ್ಯಯನದಲ್ಲಿ ಇನ್ನೂ ದೊಡ್ಡ ಸಾಕ್ಷ್ಯವೆಂದರೆ ಉಪನಗರ ರೈಲು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಈ 148 ಕಿ.ಮೀ. ಯೋಜನೆಯಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಮಾರ್ಗಕ್ಕೆ ಪಾರಿಜಾತವೆಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಪುರಾಣ ಬಲ್ಲವರು. ಗಿಡ ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಿ, ಹೂ ಬಿದ್ದದ್ದು ರುಕ್ಮಿಣಿಯ ಅಂಗಳದಲ್ಲಿ. ನಿಲ್ದಾಣದ ಹೆಸರು ಹೇಳಿ ಬಾಡಿಗೆ ಏರಿಸಿದ್ದು ನಮ್ಮ ಬೀದಿಯಲ್ಲಿ. ನಿಲ್ದಾಣ ಎಲ್ಲಿ ಬೀಳುತ್ತದೋ ಕೃಷ್ಣನಿಗೇ ಗೊತ್ತು.

ಲೆಕ್ಕ ಮಾಡಿಯೇ ನೋಡೋಣ. ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆಗೆ 28 ಸಾವಿರ, ಕೆಂಗೇರಿಯಾಚೆ ಅಂಥದ್ದೇ ಮನೆಗೆ 18 ಸಾವಿರ ಎಂದಿಟ್ಟುಕೊಳ್ಳಿ. ಉಳಿದದ್ದು 10 ಸಾವಿರ. ಇದನ್ನು ಕಂಡು ಗಂಡ ಹೆಂಡತಿ ಕೈಕುಲುಕುತ್ತಾರೆ, ಅದು ಅವಸರ. ಮೆಟ್ರೊ ನಿಲ್ದಾಣಕ್ಕೆ ಆಟೊ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಇದು ಗ್ರಂಥಪಾಠ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬುದು ಪ್ರಯೋಗಪಾಠ. ಹೋಗಿ ಬರಲು 112, ಇಪ್ಪತ್ತೈದು ದಿನಕ್ಕೆ 2,800. ಟಿಕೆಟ್ಟಿನ ಹೆಚ್ಚುವರಿ ದಿನಕ್ಕೆ 60ರಂತೆ 1,500. ಮೇಂಟೆನೆನ್ಸ್ 2,500. ಟ್ಯಾಂಕರಿನ ಪಾಲು 1,200. ಒಟ್ಟು ಎಂಟು ಸಾವಿರ. ಇನ್ನೂ ಎರಡು ಸಾವಿರ ಉಳಿಯಿತಲ್ಲ? ಅದನ್ನು ಶನಿವಾರ ಸಂಜೆ ಮಾರ್ಟ್ ತಿನ್ನುತ್ತದೆ. ಸಕ್ಕರೆಗೆಂದು ಹೊಕ್ಕವರು ಮುಚ್ಚಳವಿರುವ ಬಕೆಟ್ಟು, ಮೂರು ಕಾಲೊರಸು, ಎರಡು ಕೊಂಡರೆ ಒಂದು ಬಿಟ್ಟಿಯ ಶಾಂಪೂ ಹೊತ್ತು ಹೊರಬರುತ್ತಾರೆ. ‘ಇಷ್ಟು ದೂರ ಬಂದಿದ್ದೀವಲ್ಲ, ಇಲ್ಲೇ ದೋಸೆ ತಿಂದುಬಿಡೋಣ’ ಎನ್ನುತ್ತಾರೆ. ಸಕ್ಕರೆ ಮರೆತಿರುತ್ತದೆ. ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ಸು ಪುಕ್ಕಟೆಯಲ್ಲವೇ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಅದು ನಿಜ, ಆದರೆ ಆ ಉಳಿತಾಯ ಹೆಂಡತಿಯದು. ಅದನ್ನು ಸಂಸಾರದ ಲೆಕ್ಕಕ್ಕೆ ಸೇರಿಸುವ ಧೈರ್ಯ ಈ ಲೇಖಕನಿಗಿಲ್ಲ.

ಕಫದ ಪ್ರಕರಣವೇ ಎಲ್ಲಕ್ಕಿಂತ ಜಟಿಲ, ಎಲ್ಲಕ್ಕಿಂತ ರುಚಿಕರ. 1931ರಲ್ಲಿ ವಿಲಿಯಂ ರೈಲಿ ಎಂಬಾತ ಅಂಗಡಿಗಳಿಗೂ ಗುರುತ್ವಾಕರ್ಷಣೆ ಹಚ್ಚಿದ. ಊರು ದೊಡ್ಡದಾದಷ್ಟೂ ಗಿರಾಕಿಯನ್ನು ಸೆಳೆಯುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗುತ್ತದೆ ಎಂಬುದು ಅವನ ನಿಯಮ. ಈ ನಿಯಮ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಮುರಿದುಬೀಳುತ್ತದೆ. ಬ್ಯಾಟರಿ ಸ್ಪೀಕರಿನಲ್ಲಿ ‘ಟೊಮ್ಯಾಟೊ ಟೊಮ್ಯಾಟೊ, ನಾಟಿ ಟೊಮ್ಯಾಟೊ’ ಎಂದು ಕೂಗಿಸುತ್ತ ತಳ್ಳುಗಾಡಿ ಬರುತ್ತದೆ. ಇಲ್ಲಿ ಚಲಿಸುವುದು ಅಂಗಡಿ, ನಿಂತಿರುವುದು ಗಿರಾಕಿ. ಗಿರಾಕಿ ಒಂದು ಬೀನ್ಸ್ ಎತ್ತಿ ಪಟಕ್ಕನೆ ಮುರಿದು ನೋಡುತ್ತಾರೆ.

‘ಬೀನ್ಸ್ ಹೆಂಗಪ್ಪಾ?’

‘ಕಾಲು ಕೆಜಿ ಇಪ್ಪತ್ತೈದು ಅಮ್ಮ.’

‘ನಿನ್ನೆ ಇಪ್ಪತ್ತು ಅಂದ್ಯಲ್ಲ?’

‘ನಿನ್ನೇನೇ ತಗೋಬೇಕಾಗಿತ್ತಮ್ಮ.’

ಬೆಲೆ ಒಂದು ರೂಪಾಯಿಯೂ ಇಳಿಯಲಿಲ್ಲ. ತೂಗಿದ ಮೇಲೆ ಗಾಡಿಯವನು ನಾಲ್ಕು ಬೀನ್ಸ್ ಮೇಲಕ್ಕೆ ಹಾಕಿದ, ಕರಿಬೇವಿನ ಒಂದು ಕಡ್ಡಿ ಮುರಿದು ಚೀಲಕ್ಕೆ ತುರುಕಿದ. ಇದೇ ಕೊಸರು. ಆ ನಾಲ್ಕು ಬೀನ್ಸಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ, ಆದರೆ ಅವಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಕೊಸರಿಲ್ಲದೆ ಒಳಗೆ ಬಂದವರು ಆ ದಿನವೆಲ್ಲ ಸೋತ ಮುಖದಲ್ಲಿ ಸಾರು ಕುದಿಸುತ್ತಾರೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತರುವ ಆ್ಯಪುಗಳಿಗೆ ಇದು ತಡವಾಗಿ ಹೊಳೆಯಿತು. 2024ರ ಮೇ ತಿಂಗಳಲ್ಲಿ ಬ್ಲಿಂಕಿಟ್ ತರಕಾರಿಯ ಜೊತೆ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಕೊಡಲಾರಂಭಿಸಿತು. ಮರುತಿಂಗಳು ಕೆಎಂಎಫ್ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ಕೇಳಿತು. ಕೊಸರಿಗೆ ದರ ನಿಗದಿಯಾದದ್ದು ನಾವು ಕಂಡಂತೆ ಅದೇ ಮೊದಲು. ಜನ ಒಪ್ಪಲಿಲ್ಲ, ಚರ್ಚೆ ಟೀ ಅಂಗಡಿಯಲ್ಲಿ ಒಂದು ವಾರ ನಡೆಯಿತು. ಮುಂದಿನ ಏಪ್ರಿಲ್‌ನಲ್ಲಿ ದರ ಮತ್ತೆ ಏರಿ, ಆ 50 ಮಿ.ಲೀ. ಮಾಯವಾಯಿತು.

ಮೂಲೆಯ ಪ್ರಾವಿಷನ್ ಸ್ಟೋರಿನ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಬೇಕು. ಸಂಕ್ಷೇಪವಾಗಿ ಹೇಳುವುದಾದರೆ ಅದು ದಿನಸಿ ಅಂಗಡಿಯ ವೇಷದಲ್ಲಿರುವ ಬ್ಯಾಂಕು. ಉದ್ದನೆಯ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ, ‘ಥರ್ಡ್ ಫ್ಲೋರ್ ಆಂಟಿ’ ಎಂದಿರುತ್ತದೆ. ಕೊಟ್ಟ ಹಣವನ್ನು ಬೀದಿಗೆಲ್ಲ ಕೂಗಿ ಹೇಳುವ ಡಬ್ಬಿಯೊಂದು ಕೆಲವು ವರ್ಷಗಳಿಂದ ಕೌಂಟರಿನ ಮೇಲಿತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿ ಅಂಟಿತು. ಡಬ್ಬಿ ಮೌನವಾಯಿತು, ಪುಸ್ತಕ ದಪ್ಪವಾಯಿತು. ಸಾಲ ಸಿಗುವ ಅಂಗಡಿ ಬಿಟ್ಟು ಮನೆ ಬದಲಿಸುವುದು ಕಷ್ಟ. ಇದು ಬಾಡಿಗೆ, ದಾರಿ ಯಾವುದರ ಕೋಷ್ಟಕದಲ್ಲೂ ಬರುವುದಿಲ್ಲ.

ಇಷ್ಟೆಲ್ಲ ಕೋಷ್ಟಕ ತಯಾರಿಸಿ ಅಂತಿಮ ನಿರ್ಣಯಕ್ಕೆ ಮನೆಯ ಹಿರಿಯರ ಮುಂದಿಟ್ಟಾಗ ಕೇಳಿಬರುವುದು ಒಂದೇ ಪ್ರಶ್ನೆ: ‘ಬಾಗಿಲು ಯಾವ ದಿಕ್ಕಿಗೆ?’ ದಕ್ಷಿಣಕ್ಕೆ ಎಂದರೆ ರೈಲಿ, ಮಾರ್ಕೆಟ್ಟಿ, ಫಾನ್ ಥ್ಯೂನೆನ್ ಮೂವರೂ ಚೀಲ ಹೆಗಲಿಗೇರಿಸಬೇಕು. ಪೂರ್ವಕ್ಕೆ ಎಂದರೆ ಸಮಸ್ತ ದೋಷಗಳೂ ಶಮನ. ದೂರವೂ ಹತ್ತಿರವೇ, ಟ್ಯಾಂಕರೂ ಗಂಗೆಯೇ. ಮನೆ ಆಯ್ಕೆಯಾಗುವುದು ಮೊದಲು, ಕಾರಣ ಹುಟ್ಟುವುದು ಆಮೇಲೆ.

ಕರಾರು ಹನ್ನೊಂದು ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕೆಂದು ಕೇಂದ್ರದ ಮಾದರಿ ಬಾಡಿಗೆ ಕಾಯಿದೆ 2021ರಲ್ಲೇ ಹೇಳಿದೆ, ಹತ್ತು ತಿಂಗಳದ್ದು ಬೇಕೆಂದು ಮಾಲೀಕರು ಹೇಳುತ್ತಾರೆ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಾಗ ಮಾಲೀಕರ ಮಾತೇ ನಿಲ್ಲುತ್ತದೆ. ಹನ್ನೊಂದನೇ ತಿಂಗಳಲ್ಲಿ ಅವರ ಮಗ ಅಮೆರಿಕದಿಂದ ವಾಪಸು ಬರಲಿದ್ದಾನೆಂದು ತಿಳಿಯುತ್ತದೆ. ಬಂದ ಮಗನನ್ನು ಕಂಡವರಿಲ್ಲ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಮುಖ್ಯವಾಗಿ ಹಾಲಿನ ಗೋಡೆಯಲ್ಲಿ ಮಗು ಗೀಚಿದ ಆನೆಯನ್ನು ತೋರಿಸಿ. ಹೊಸಬರು ಬಂದಾಗಲೂ ಆನೆ ಅಲ್ಲೇ ಇರುತ್ತದೆ. ಅವರ ಮಗು ಅದಕ್ಕೊಂದು ಬಾಲ ಬರೆಯುತ್ತದೆ, ಆ ಬಾಲಕ್ಕೂ ಒಂದು ತಿಂಗಳ ಬಾಡಿಗೆ ಕಟ್.