ಬಾಲವಿರುವ ಹುಲಿ

ಇಂಗ್ಲೆಂಡಿನ ಹಲ್ ಸಿಟಿ ಫುಟ್‌ಬಾಲ್ ಕ್ಲಬ್ಬಿಗೆ 2014ರಲ್ಲಿ ಇದ್ದಕ್ಕಿದ್ದಂತೆ ಅಭಿಮಾನಿಗಳ ನೆನಪಾಯಿತು. 1904ರ ಹೆಸರನ್ನು ‘ಹಲ್ ಟೈಗರ್ಸ್’ ಮಾಡುವ ಆಸೆ ಮಾಲೀಕ ಅಸ್ಸೆಮ್ ಅಲ್ಲಾಮ್ ಅವರದು. ಸೀಸನ್ ಟಿಕೆಟ್ ಇದ್ದವರಿಗೆ ಮತ ಹಾಕುವ ಭಾಗ್ಯ. ಆಗ ಹೀಗೊಂದು ಮಾತುಕತೆ ನಡೆದಿದ್ದರೆ ಆಶ್ಚರ್ಯವಿಲ್ಲ:

“ಏನ್ ಸ್ವಾಮಿ, ‘ಟೈಗರ್ಸ್ ಬೇಕು’ ಅನ್ನೋದಕ್ಕೆ ‘ಅಲ್ಲಾಮ್ ಕುಟುಂಬವೇ ಮುನ್ನಡೆಸಲಿ’ ಅಂತ ಬಾಲ ಅಂಟಿಸಿದ್ದೀರಿ?”

“ಹುಲಿ ಅಂದಮೇಲೆ ಬಾಲ ಬೇಡವೇ?”

“ಕುಟುಂಬವೂ ಇರಲಿ, ಹಳೇ ಹೆಸರೂ ಇರಲಿ ಅನ್ನೋರು ಎಲ್ಲಿ ಗುರುತು ಹಾಕೋದು?”

“‘ಏನಾದರೂ ಆಗಲಿ, ಚಿಂತೆಯಿಲ್ಲ’ ಅಂತ ಮೂರನೆಯದಿದೆಯಲ್ಲ!”

ಎಣಿಸಿದಾಗ ಬೇಕು 2,565, ಬೇಡ 2,517. ಚಿಂತೆಯಿಲ್ಲದವರೇ 792! ಅರ್ಧಕ್ಕಿಂತ ಹೆಚ್ಚು ಮಂದಿ ಮತವನ್ನೇ ಹಾಕಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅದೇ ವರ್ಷದ ಏಪ್ರಿಲ್‌ನಲ್ಲಿ ಹೆಸರು ಬದಲಾವಣೆಯ ಅರ್ಜಿ ತಿರಸ್ಕರಿಸಿತು, 2015ರಲ್ಲಿ ಮತ್ತೊಮ್ಮೆ. ಕ್ಲಬ್ ಇಂದಿಗೂ ಹಲ್ ಸಿಟಿಯೇ.